ತರಕಾರಿ ಸಾರಿಗೆ ಮಸೂರ ಬೇಳೆಯೋ, ಇಡೀ ಕಾಳೋ?

ಅರ್ಧ ಗಂಟೆಯೊಳಗೆ ಸಾರು ಒಲೆಯಿಂದ ಇಳಿಯಬೇಕಾದರೆ ಬೇಳೆಯನ್ನೇ ಆರಿಸಿ. ನೆನೆಸುವ ಗೋಜಿಲ್ಲ. ಒಂದು ಲೋಟ ಬೇಳೆಗೆ ಮೂರೂವರೆ ಲೋಟ ನೀರು ಹಾಕಿದರೆ 15-20 ನಿಮಿಷಕ್ಕೆ ಕರಗಿ ತಾನಾಗಿಯೇ ಮಂದವಾಗುತ್ತದೆ. ಬೆರಳ ತುದಿಯಷ್ಟು ಸಣ್ಣಗೆ ಹೆಚ್ಚಿದ ಕ್ಯಾರೆಟ್, ಆಲೂಗಡ್ಡೆಯನ್ನು ಜೊತೆಯಲ್ಲೇ ಹಾಕಬಹುದು. ಮೊದಲ ಕುದಿಗೆ ಏಳುವ ನೊರೆಯನ್ನು ತೆಗೆಯದಿದ್ದರೆ ಉಕ್ಕಿ ಚೆಲ್ಲುತ್ತದೆ. ಕರಗಿದ ಬೇಳೆ ತಳ ಹಿಡಿದು ಸೀಯುವುದೂ ಬೇಗ. ಕೊನೆಯ ಐದು ನಿಮಿಷ ಸಣ್ಣ ಉರಿಯಲ್ಲಿಟ್ಟು ಸೌಟು ತಳ ಮುಟ್ಟುವಂತೆ ತಿರುವುತ್ತಿರಿ.

ಸಿಪ್ಪೆ ಇರುವ ಕಂದು ಕಾಳಿಗೆ ತಾಳ್ಮೆ ಬೇಕು: 30-40 ನಿಮಿಷ, ನಾಲ್ಕು ಲೋಟ ನೀರು. ಆದರೆ ರುಚಿ ಇದರದ್ದೇ ಹೆಚ್ಚು. ಕಾಳು ಇಡಿಯಾಗಿ ಉಳಿದು ಬಾಯಿಗೆ ಸಿಗುತ್ತದೆ. ಮರುದಿನ ಬಿಸಿ ಮಾಡಿದರೂ ಬೇಳೆ ಸಾರಿನಂತೆ ಮುದ್ದೆಗಟ್ಟುವುದಿಲ್ಲ. ತರಕಾರಿ ಹಾಕುವುದು 20 ನಿಮಿಷದ ನಂತರ. ಮೊದಲೇ ಹಾಕಿದರೆ ಕಾಳು ಬೇಯುವಷ್ಟರಲ್ಲಿ ಆಲೂಗಡ್ಡೆ ಪುಡಿಯಾಗಿರುತ್ತದೆ. ಟೊಮೆಟೊ, ನಿಂಬೆ ಹುಳಿ ಇನ್ನೂ ತಡವಾಗಿ ಬರಲಿ. ಹುಳಿ ಸೇರಿದರೆ ಕಾಳಿನ ಸಿಪ್ಪೆ ಮೆತ್ತಗಾಗುವುದು ನಿಧಾನವಾಗುತ್ತದೆ. ಒಂದು ಕಾಳನ್ನು ಎರಡು ಬೆರಳ ನಡುವೆ ಒತ್ತಿ ನೋಡಿ: ಗಂಟಿಲ್ಲದೆ ನುಣ್ಣಗೆ ಹಿಸುಕಿದರೆ ಹುಳಿ ಹಾಕುವ ಹೊತ್ತು. ಮುಕ್ಕಾಲು ಗಂಟೆಯಾದರೂ ಗಟ್ಟಿಯಿದ್ದರೆ ಕಾಳು ತುಂಬಾ ಹಳೆಯದಿರಬೇಕು.

ಕಾಳಿನ ಸಾರು ನೀರಾಗಿ ಕಂಡರೆ ಹಿಟ್ಟು ಕದಡಿ ಹಾಕಬೇಡಿ, ರುಚಿ ಮಂಕಾಗುತ್ತದೆ. ಎರಡು ಸೌಟು ಬೆಂದ ಕಾಳನ್ನು ಮಸೆದು ಮತ್ತೆ ಸೇರಿಸಿದರೆ ಸಾಕು. ಸೊಪ್ಪು ಎರಡಕ್ಕೂ ಕೊನೆಯ ಎರಡು ನಿಮಿಷಕ್ಕೆ.