ವೋಟಾ, ಮಾತುಕತೆಯಾ?

ಮುಂದಿನ ಕಬಡ್ಡಿ ಪಂದ್ಯಾಟ ಮಲ್ಪೆಯಲ್ಲೋ, ಕಾಪುವಿನಲ್ಲೋ? ನಮ್ಮ ಯುವಕ ಮಂಡಲಗಳ ತಲೆಬಿಸಿ ಇದು. ದೊಡ್ಡವರ ಕ್ರಮ ನೋಡಿದರೆ ದಾರಿ ಎರಡು.

ಫುಟ್‌ಬಾಲ್ ವಿಶ್ವಕಪ್ ಎಲ್ಲಿ ಅಂತ ಆರಿಸುವುದಕ್ಕೆ ಫಿಫಾದ್ದು ವೋಟು. 2010ರಲ್ಲಿ 22 ಜನ ಕೂತು ರಷ್ಯಾ, ಕತಾರ್ ಎರಡನ್ನೂ ಒಂದೇ ದಿನ ಆರಿಸಿದರು. ಲಂಚದ ಮಾತು ಇನ್ನೂ ನಿಂತಿಲ್ಲ. ಆಮೇಲೆ ಸದಸ್ಯರಿಗೆಲ್ಲ ವೋಟು ಕೊಟ್ಟರು. 2018ರಲ್ಲಿ ಅಮೆರಿಕ, ಕೆನಡಾ, ಮೆಕ್ಸಿಕೊ ಜಂಟಿ ಅರ್ಜಿಗೆ 134 ವೋಟು, ಮೊರಾಕ್ಕೊಗೆ 65. ಯಾರು ಯಾರಿಗೆ ಹಾಕಿದರು ಅಂತಲೂ ಬಯಲಾಯಿತು. ಆದರೆ 2034ಕ್ಕೆ ಸೌದಿಯದ್ದು ಒಂದೇ ಅರ್ಜಿ, ಚಪ್ಪಾಳೆಯಲ್ಲೇ ಮುಗಿಯಿತು!

ಒಲಿಂಪಿಕ್ಸ್‌ನದ್ದು ಈಗ ಸಂಬಂಧ ಕುದುರಿಸಿದ ಹಾಗೆ. ಮೊದಲು ಮಾತುಕತೆ, ಕೊನೆಗೆ ವೋಟು. 2021ರಲ್ಲಿ ಬ್ರಿಸ್ಬೇನ್‌ಗೆ ಎದುರಾಳಿಯೇ ಇರಲಿಲ್ಲ, ಪರ 72, ವಿರೋಧ 5. ಸುಮ್ನೆ ದುಡ್ಡು ಸುರಿದು ಸೋಲುವವರು ಕಡಿಮೆ. ಒಳಗಿನ ಮಾತು ಮಾತ್ರ ಹೊರಗೆ ಬರುವುದಿಲ್ಲ.

ನಾನಾದರೆ ವೋಟೇ ಅನ್ನುತ್ತೇನೆ. ಮಲ್ಪೆಯವರು ಬಂಗುಡೆ ಊಟ ಹಾಕಿಸಿದರೂ ಸರಿ, ಎಲ್ಲರೆದುರು ಕೈ ಎತ್ತಲಿ.