ಬಜಾರ್ ರಸ್ತೆ ಯಾರಿಗೆ: ನಡೆಯುವವರಿಗೋ, ಗಾಡಿಗೋ?

ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆ ಬಟ್ಟೆ ಅಂಗಡಿ ಇಟ್ಟಿರುವ ಗೆಳೆಯರೊಬ್ಬರು ಕೇಳಿದರು: ರಸ್ತೆಗೆ ಗಾಡಿ ಪೂರ್ತಿ ಬಂದ್ ಮಾಡಬೇಕಾ, ಸಂಜೆ ಮಾತ್ರವಾ, ಇಲ್ಲ ಪಾರ್ಕಿಂಗ್‌ಗೆ ದುಡ್ಡು ಇಡಬೇಕಾ?

ಮೊದಲು ಜಾಗದ ಲೆಕ್ಕ. ಒಂದು ಕಾರಿಗೆ ಸುಮಾರು 12 ಚದರ ಮೀಟರ್ ಬೇಕು. ಅಷ್ಟರಲ್ಲೇ ಐದಾರು ಬೈಕ್ ನಿಲ್ಲುತ್ತವೆ. ಎಷ್ಟೋ ಸಲ ಬೆಳಿಗ್ಗೆಯಿಂದ ಅಂಗಡಿ ಮುಂದೆ ನಿಂತಿರುವುದು ಗಿರಾಕಿಯ ಗಾಡಿಯಲ್ಲ, ಅಂಗಡಿಯವರದ್ದೇ! ತಾಸಿಗಿಷ್ಟು ಅಂತ ದುಡ್ಡು ಇಟ್ಟರೆ ಅವು ಹಿಂದಿನ ಗಲ್ಲಿಗೆ ಹೋಗುತ್ತವೆ. ಖರ್ಚೂ ಕಡಿಮೆ.

ಪೂರ್ತಿ ಬಂದ್ ಮಾಡಿದರೆ ಸೀರೆ, ಚಪ್ಪಲಿ, ಬಂಗಾರ ನೋಡುತ್ತಾ ಅಡ್ಡಾಡುವ ಕಡೆ ಲಾಭ. ಆದರೆ ನಮ್ಮ ಬಿಸಿಲು ಗೊತ್ತಲ್ವಾ, ಮೇ ತಿಂಗಳಲ್ಲಿ 40 ಡಿಗ್ರಿ ದಾಟುತ್ತದೆ. ನೆರಳಿಲ್ಲದೆ ಸುಮ್ನೆ ಕಲ್ಲು ಹಾಸಿದರೆ ಯಾರು ನಡೆಯುತ್ತಾರೆ? ಕಿರಾಣಾ ಬಜಾರ್‌ಗಂತೂ ಇದು ಬೇಡ. ತೊಗರಿ ಬೇಳೆ ಮೂಟೆ ಹೊತ್ತು ಯಾರೂ ಅರ್ಧ ಕಿಲೋಮೀಟರ್ ಹೋಗುವುದಿಲ್ಲ.

ಹೊತ್ತು ನೋಡಿ ಬಂದ್ ಮಾಡುವುದಕ್ಕೆ ದೆಹಲಿಯ ಚಾಂದನಿ ಚೌಕ ಉದಾಹರಣೆ. ಅಲ್ಲಿ 2021ರಲ್ಲಿ ಬೆಳಿಗ್ಗೆ 9ರಿಂದ ರಾತ್ರಿ 9ರವರೆಗೆ ಮೋಟಾರು ವಾಹನ ನಿಷೇಧಿಸಿದರು. ನಮಗೆ ಸಂಜೆ ನಾಲ್ಕು ತಾಸು ಸಾಕು ಅನ್ನಿಸುತ್ತದೆ. ಗೇಟ್ ಕಾಯಲು ದಿನಾ ಜನ ಬೇಕು, ಅದೇ ತಲೆನೋವು. ಬಟ್ಟೆ ಅಂಗಡಿಗೆ ಇದು ಹೊಂದುತ್ತದೆ. ಪಕ್ಕದ ಹಾರ್ಡ್‌ವೇರ್ ಅಂಗಡಿಯವರು ಒಪ್ಪಲಿಕ್ಕಿಲ್ಲ.