ಮನೆಗೆ ಬಂದ ಟ್ರೇ, ತಂತಿಯ ಕ್ಲಿಪ್, ಡಾಕ್ಟರು ಕೊಟ್ಟ ಅಲೈನರ್: ಮೂರನ್ನೂ ಹಾಕಿಕೊಂಡವಳ ಹೋಲಿಕೆ

ಜೋಳದ ರೊಟ್ಟಿಯ ಜೊತೆ ಹಸಿ ಮೆಂತ್ಯ ಸೊಪ್ಪು ತಿನ್ನುತ್ತಿದ್ದೆ. ದಂಟು ಬಲಗಡೆಯ ದವಡೆ ಹಲ್ಲುಗಳ ನಡುವೆ ಬಂತು. ಕಚ್ಚಿದೆ, ತುಂಡಾಗಲಿಲ್ಲ. ಎಡಗಡೆಗೆ ಹೊರಳಿಸಿ ಕಚ್ಚಿದೆ, ಅಲ್ಲಿಯೂ ಅಷ್ಟೆ. ಊಟ ಬಿಟ್ಟು ಕನ್ನಡಿಯ ಮುಂದೆ ನಿಂತು, ಕೆನ್ನೆಯನ್ನು ಬೆರಳಿನಿಂದ ಹಿಂದಕ್ಕೆ ಎಳೆದು ನೋಡಿದೆ. ಮುಂದಿನ ಹಲ್ಲುಗಳು ಒಂದಕ್ಕೊಂದು ತಾಗಿದ್ದವು. ಹಿಂದಿನ ಮೇಲಿನ ಮತ್ತು ಕೆಳಗಿನ ಹಲ್ಲುಗಳ ನಡುವೆ ಸಣ್ಣ ಸಂದಿ ಕಪ್ಪಗೆ ಕಾಣುತ್ತಿತ್ತು. ಮೇಜಿನ ಮೇಲಿದ್ದ ಹಾಳೆಯಿಂದ ಒಂದು ಪಟ್ಟಿ ಹರಿದು ಅಲ್ಲಿಟ್ಟು, ಬಿಗಿಯಾಗಿ ಕಚ್ಚಿ ಎಳೆದೆ. ಸಲೀಸಾಗಿ ಹೊರಬಂತು. ಡೊಂಕು ಹಲ್ಲುಗಳನ್ನು ಸಾಲಿಗೆ ತರುವ, ಅಲೈನರ್ ಎನ್ನುವ ಪಾರದರ್ಶಕ ಟ್ರೇಗಳನ್ನು ಮನೆಗೆ ತರಿಸಿಕೊಂಡು ಹಾಕಿಕೊಳ್ಳಲು ಶುರುಮಾಡಿ ಅಂದಿಗೆ ಎಂಟನೆಯ ತಿಂಗಳು.

ನನಗೆ ಆಗ ಮೂವತ್ತೊಂಬತ್ತು ವರ್ಷ. ದಾವಣಗೆರೆಯ ಪ್ರೌಢಶಾಲೆಯೊಂದರಲ್ಲಿ ಕನ್ನಡ ಕಲಿಸುತ್ತೇನೆ. ಮೇಲಿನ ಬಲಗಡೆಯ ಕೋರೆಹಲ್ಲು ಸಾಲಿನಿಂದ ಹೊರಗೆ ಉಬ್ಬಿ ಅಡ್ಡಕ್ಕೆ ತಿರುಗಿತ್ತು. ಕೆಳಗಿನ ಮುಂದಿನ ನಾಲ್ಕು ಹಲ್ಲುಗಳು ಒಂದರ ಮೇಲೊಂದು ಏರಿದ್ದವು. ನಕ್ಕಾಗ ಸೆರಗು ಬಾಯಿಗೆ ಹೋಗುವುದು ಹೈಸ್ಕೂಲು ದಿನಗಳಿಂದ ಅಂಟಿದ ಅಭ್ಯಾಸ. ಆದರೆ ಈ ವಯಸ್ಸಿನಲ್ಲಿ ಚಿಕಿತ್ಸೆಗೆ ನನ್ನನ್ನು ನೂಕಿದ್ದು ಅಂದದ ಆಸೆಯೊಂದೇ ಅಲ್ಲ. ಕೆಳಗಿನ ಹಲ್ಲುಗಳ ಸಂದಿಯಲ್ಲಿ ಎಷ್ಟು ಉಜ್ಜಿದರೂ ಪಾಚಿ ಕಟ್ಟಿ ಗಟ್ಟಿಯಾಗುತ್ತಿತ್ತು, ಒಸಡಿನಿಂದ ರಕ್ತ ಬರುತ್ತಿತ್ತು. 2021ರ ನವೆಂಬರ್‌ನಲ್ಲಿ ಇನ್ನೂ ಮಾಸ್ಕ್ ಹಾಕಿಕೊಂಡೇ ಪಾಠ ಮಾಡುತ್ತಿದ್ದೆವು. ಬಾಯಿ ಯಾರಿಗೂ ಕಾಣದಿರುವಾಗಲೇ ಈ ಕೆಲಸ ಮುಗಿಸಿಬಿಡೋಣ ಎಂದುಕೊಂಡೆ.

ಮೊದಲು ಆರಿಸಿಕೊಂಡದ್ದು ಮನೆ ಬಾಗಿಲಿಗೆ ಬರುವ ಸೇವೆ. ಆಸ್ಪತ್ರೆಯಲ್ಲಿ ಬಾಯಿ ತೆರೆದು ಕೂರಲು ಎಲ್ಲರೂ ಹೆದರುತ್ತಿದ್ದ ಕಾಲವಾದ್ದರಿಂದ ಅದು ವರದಂತೆಯೇ ಕಂಡಿತು. ಕಂಪನಿಯವರು ಕಳಿಸಿದ ಹುಡುಗಿಯೊಬ್ಬಳು ಪೆನ್ನಿನಂತಹ ಸ್ಕ್ಯಾನರ್ ಹಿಡಿದು ನಮ್ಮ ನಡುಮನೆಯಲ್ಲೇ ಇಪ್ಪತ್ತು ನಿಮಿಷದಲ್ಲಿ ಹಲ್ಲುಗಳ ಚಿತ್ರ ತೆಗೆದುಕೊಂಡಳು. ವಾರದೊಳಗೆ ಮೊಬೈಲಿಗೆ ಒಂದು ವಿಡಿಯೊ ಬಂತು: ನನ್ನ ಡೊಂಕು ಹಲ್ಲುಗಳು ನಿಧಾನವಾಗಿ ಸರಿದು ಮುತ್ತಿನ ಸಾಲಾಗುತ್ತವೆ. ಅದನ್ನು ಎಷ್ಟು ಸಲ ನೋಡಿದೆನೋ ಲೆಕ್ಕವಿಲ್ಲ. ಕಂತಿನಲ್ಲಿ 58,000 ರೂಪಾಯಿ ಒಪ್ಪಿಕೊಂಡೆ. ಎಕ್ಸ್‌ರೇ ತೆಗೆಸಲಿಲ್ಲ, ಒಸಡನ್ನು ಮುಟ್ಟಿ ನೋಡಲಿಲ್ಲ. ಇವೆರಡೂ ಬೇಕು ಎಂಬುದು ನನಗೂ ಗೊತ್ತಿರಲಿಲ್ಲ.

ಆ ಟ್ರೇಗಳಲ್ಲಿ ಒಳ್ಳೆಯದೇನೂ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಬಾಯಲ್ಲಿರುವುದು ಎದುರಿನವರಿಗೆ ತಿಳಿಯುತ್ತಲೇ ಇರಲಿಲ್ಲ. ಕೆಳಗಿನ ಹಲ್ಲುಗಳ ಗುಂಪು ನಾಲ್ಕೈದು ತಿಂಗಳಲ್ಲಿ ಸಾಕಷ್ಟು ಬಿಡಿಸಿಕೊಂಡಿತು. ಹಠ ಹಿಡಿದದ್ದು ಕೋರೆಹಲ್ಲು. ಐದನೆಯ ಟ್ರೇ ಹೊತ್ತಿಗೆ ಅದರ ತುದಿಗೂ ಪ್ಲಾಸ್ಟಿಕ್ಕಿಗೂ ನಡುವೆ ಖಾಲಿ ಜಾಗ ಕಾಣತೊಡಗಿತು. ಅಂದರೆ ಟ್ರೇ ಮುಂದೆ ಹೋಗಿತ್ತು, ಹಲ್ಲು ಹಿಂದೆಯೇ ಉಳಿದಿತ್ತು. ಫೋಟೊ ಕಳಿಸಿದೆ. ‘ಇದೇ ಟ್ರೇಯನ್ನು ಇನ್ನೊಂದು ವಾರ ಹಾಕಿಕೊಳ್ಳಿ’ ಎಂಬ ಉತ್ತರ ಬಂತು. ಮುಂದಿನ ಟ್ರೇಗೂ ಅದೇ ಉತ್ತರ. ಪ್ರತಿ ಸಲವೂ ಉತ್ತರಿಸುವವರ ಹೆಸರು ಬೇರೆ. ಹೀಗೆ ಎಂಟು ತಿಂಗಳು ಕಳೆದು, ಮೆಂತ್ಯದ ದಂಟು ತುಂಡಾಗದ ದಿನ ಬಂತು.

ಊರಿನ ತಜ್ಞ ವೈದ್ಯೆಯೊಬ್ಬರ ಬಳಿ ಹೋದೆ. ಹಲ್ಲಿನ ಡಾಕ್ಟರಾದವರೆಲ್ಲ ಹಲ್ಲು ಸರಿಸುವುದರಲ್ಲಿ ತಜ್ಞರಲ್ಲ. ಬಿಡಿಎಸ್ ಆದ ಮೇಲೆ ಅದಕ್ಕೆಂದೇ ಮೂರು ವರ್ಷದ ಎಂಡಿಎಸ್ ಓದಿದವರು ಆರ್ಥೊಡಾಂಟಿಸ್ಟ್. ಅವರು ಮೊದಲು ಕೇಳಿದ್ದೇ, “ಎಕ್ಸ್‌ರೇ ಎಲ್ಲಿದೆ ಮೇಡಂ?” ಇಲ್ಲವೆಂದೆ. ಪೂರ್ತಿ ದವಡೆಯ ಎಕ್ಸ್‌ರೇ, ಅಂದರೆ ಓಪಿಜಿ ತೆಗೆಸಿ, ದೀಪದ ಹಲಗೆಗೆ ಸಿಕ್ಕಿಸಿ, ಪೆನ್ಸಿಲಿನ ತುದಿಯಿಂದ ತೋರಿಸಿದರು: ಕೆಳಗಿನ ಮುಂದಿನ ಹಲ್ಲುಗಳ ನಡುವೆ ಎಲುಬಿನ ಅಂಚು ಇರಬೇಕಾದ ಮಟ್ಟಕ್ಕಿಂತ ಕೆಳಗೆ ಇಳಿದಿತ್ತು. ಒಸಡಿನ ರೋಗ ಮೊದಲೇ ಇತ್ತು. ಅದರ ಮೇಲೆಯೇ ಎಂಟು ತಿಂಗಳು ಹಲ್ಲುಗಳನ್ನು ತಳ್ಳಿದ್ದೆ.

ಅಂದು ಅವರು ಬಿಡಿಸಿ ಹೇಳಿದ್ದು ನನಗೆ ಈಗಲೂ ಅತ್ಯಂತ ಬೆಲೆಯುಳ್ಳ ಮಾತು. ಹಲ್ಲು ಎಲುಬಿಗೆ ಮೊಳೆ ಹೊಡೆದಂತೆ ಕೂತಿರುವುದಿಲ್ಲ. ಬೇರಿನ ಸುತ್ತ ನಾರಿನ ತೆಳು ಪದರವಿದೆ. ಒತ್ತಡ ಬಿದ್ದ ಕಡೆ ಎಲುಬು ಕರಗಿ ದಾರಿ ಬಿಡುತ್ತದೆ, ಹಲ್ಲು ಬಿಟ್ಟುಬಂದ ಕಡೆ ಹೊಸ ಎಲುಬು ಕಟ್ಟಿಕೊಳ್ಳುತ್ತದೆ. ತಂತಿಯಾಗಲಿ ಟ್ರೇಯಾಗಲಿ, ನಡೆಯುವ ಕೆಲಸ ಇದೇ. ಒಂದು ಟ್ರೇ ಹಲ್ಲನ್ನು ಸರಿಸುವುದು ಸುಮಾರು ಕಾಲು ಮಿಲಿಮೀಟರ್ ಮಾತ್ರ. ಎಲುಬು ಗಟ್ಟಿಯಿದ್ದು ಒಸಡು ಆರೋಗ್ಯವಾಗಿದ್ದರೆ ವಯಸ್ಸು ಅಡ್ಡಿಯಲ್ಲ. ಒಸಡು ಹಾಳಾಗಿದ್ದರೆ ಅದೇ ಒತ್ತಡ ಹಲ್ಲನ್ನು ಸಡಿಲಗೊಳಿಸುತ್ತದೆ. ಹಿಂದಿನ ಹಲ್ಲುಗಳು ಕೂಡದೆ ಹೋದದ್ದಕ್ಕೆ ಕಾರಣ ಟ್ರೇಯ ದಪ್ಪ. ದಿನಕ್ಕೆ ಇಪ್ಪತ್ತೆರಡು ಗಂಟೆ ಎರಡು ಪದರ ಪ್ಲಾಸ್ಟಿಕ್ ಕಚ್ಚಿಕೊಂಡಿದ್ದರಿಂದ ದವಡೆ ಹಲ್ಲುಗಳು ಸ್ವಲ್ಪ ಸ್ವಲ್ಪವೇ ಒಳಕ್ಕೆ ಒತ್ತಿಹೋಗಿದ್ದವು. ತಿಂಗಳಿಗೊಮ್ಮೆ ಯಾರಾದರೂ ಬಾಯಿ ತೆರೆಸಿ ನೋಡಿದ್ದರೆ ಎರಡನೆಯ ತಿಂಗಳಲ್ಲೋ ಮೂರನೆಯದರಲ್ಲೋ ಗೊತ್ತಾಗುತ್ತಿತ್ತು.

ಎರಡು ತಿಂಗಳು ಬರೀ ಒಸಡಿನ ಚಿಕಿತ್ಸೆ ನಡೆಯಿತು. ಟ್ರೇ ಬಿಟ್ಟದ್ದರಿಂದ ಹಿಂದಿನ ಹಲ್ಲುಗಳು ಅರ್ಧದಷ್ಟು ತಾವಾಗಿಯೇ ಕೂಡಿಕೊಂಡವು. 2022ರ ಅಕ್ಟೋಬರ್‌ನಲ್ಲಿ ಮೇಲೆ ಸೆರಾಮಿಕ್, ಕೆಳಗೆ ಲೋಹದ ಬ್ರೇಸಸ್ ಹಾಕಿದರು. ನಮ್ಮ ಕಡೆ ಎಲ್ಲರೂ ಕ್ಲಿಪ್ ಎನ್ನುವುದು ಇದನ್ನೇ.

ಕ್ಲಿಪ್ಪಿನ ಮೊದಲ ವಾರವನ್ನು ಸಕ್ಕರೆ ಹಚ್ಚಿ ಹೇಳಲಾರೆ. ಕೆನ್ನೆಯ ಒಳಭಾಗದಲ್ಲಿ ಹುಣ್ಣು, ಅನ್ನ ಮೊಸರು ಕಲಸಿ ನುಂಗುವುದು, ಪ್ರತಿ ರಾತ್ರಿ ಬ್ರಾಕೆಟ್ಟಿನ (ತಂತಿ ಹಿಡಿಯಲು ಹಲ್ಲಿಗೆ ಅಂಟಿಸುವ ಚಿಕ್ಕ ಬಿಲ್ಲೆ) ಮೇಲೆ ಮೇಣದ ಉಂಡೆ ಒತ್ತಿಕೊಂಡು ಮಲಗುವುದು. ಖಡಕ್ ರೊಟ್ಟಿ, ಚಕ್ಕುಲಿ, ಕಬ್ಬು ಬಂದ್. ಮಂಡಕ್ಕಿ ಮೆಣಸಿನಕಾಯಿ ತಿನ್ನಬಹುದಿತ್ತು, ಆದರೆ ಮಂಡಕ್ಕಿಯ ಚೂರು ತಂತಿಯ ಹಿಂದೆ ಹೊಕ್ಕರೆ ಸಣ್ಣ ಬ್ರಷ್ ಹಿಡಿದು ಹತ್ತು ನಿಮಿಷ ಕೂರಬೇಕಿತ್ತು. ಅರಿಶಿನ ಹಾಕಿದ ಸಾರು ಉಂಡ ಮೂರೇ ದಿನಕ್ಕೆ ಬ್ರಾಕೆಟ್ಟಿಗೆ ಸುತ್ತಿದ ಬಿಳಿ ರಬ್ಬರ್ ಉಂಗುರಗಳು ಹಳದಿಯಾದವು. ಸೆರಾಮಿಕ್ ಮಾತ್ರ ಬಣ್ಣ ಹಿಡಿಯಲಿಲ್ಲ. ಐದು ವಾರಕ್ಕೊಮ್ಮೆ ಹೋದಾಗ ಉಂಗುರ ಬದಲಿಸುತ್ತಿದ್ದರು.

ಇಷ್ಟೆಲ್ಲ ಇದ್ದರೂ, ನನ್ನ ಕೋರೆಹಲ್ಲನ್ನು ತಿರುಗಿಸಿದ್ದು ತಂತಿಯೇ. ಎಂಟು ತಿಂಗಳಲ್ಲಿ ಟ್ರೇಗೆ ಬಗ್ಗದ ಹಲ್ಲು ಐದು ತಿಂಗಳಲ್ಲಿ ತಂತಿಗೆ ಬಗ್ಗಿತು. ಕೋರೆಹಲ್ಲು ಉರುಟಾಗಿ ನುಣುಪಾಗಿರುತ್ತದೆ, ಪ್ಲಾಸ್ಟಿಕ್ಕಿಗೆ ಅದರ ಮೇಲೆ ಹಿಡಿತ ಸಿಗುವುದಿಲ್ಲ. ಹಲ್ಲಿಗೇ ಅಂಟಿಸಿದ ಬ್ರಾಕೆಟ್ಟಿಗೆ ಆ ತೊಂದರೆ ಇಲ್ಲ. ಹೆಚ್ಚು ತಿರುಗಿದ ಹಲ್ಲು, ಕೆಳಗೆ ಎಳೆಯಬೇಕಾದ ಹಲ್ಲು, ಹಲ್ಲು ಕೀಳಿಸಿ ದೊಡ್ಡ ಸಂದಿ ಮುಚ್ಚುವ ಕೆಲಸ, ಇವುಗಳಿಗೆ ತಂತಿಯೇ ನಂಬಿಕೆಯ ದಾರಿ ಎಂದು ಡಾಕ್ಟರು ಹೇಳಿದ್ದನ್ನು ನನ್ನ ಬಾಯಲ್ಲೇ ಕಂಡೆ. ಇನ್ನೊಂದು ನೆಮ್ಮದಿಯೂ ಇತ್ತು. ತಂತಿಯನ್ನು ತೆಗೆದಿಡುವ ಪ್ರಶ್ನೆಯೇ ಇಲ್ಲ. ಎಲ್ಲವನ್ನೂ ನೆನಪಿಟ್ಟುಕೊಂಡು ಮಾಡುವ ಮನೆಯ ಹೆಂಗಸಿಗೆ, ತಾನು ಮರೆತರೂ ತನ್ನ ಪಾಡಿಗೆ ನಡೆಯುವ ಒಂದು ಕೆಲಸ ಎಷ್ಟು ಹಗುರ ಎನ್ನುವುದು ಅನುಭವಿಸಿದವರಿಗೇ ಗೊತ್ತು.

ಶಾಲೆಯಲ್ಲಿ ಏನನ್ನುತ್ತಾರೋ ಎಂಬ ಭಯ ಎರಡು ದಿನದ್ದು. ಒಂಬತ್ತನೆಯ ತರಗತಿಯಲ್ಲಿ ಕ್ಲಿಪ್ ಹಾಕಿಕೊಂಡಿದ್ದ ಒಬ್ಬ ಹುಡುಗಿ ಅಲ್ಲಿಯವರೆಗೆ ಪಾಠ ಓದಲು ಎದ್ದು ನಿಲ್ಲುತ್ತಲೇ ಇರಲಿಲ್ಲ. ಮೂರನೆಯ ದಿನ ಅವಳೇ ಕೈ ಎತ್ತಿದಳು. ‘ಕಾಣದ ಟ್ರೇ’ ಕೊಡಲಾರದ ಒಂದು ಲಾಭ ಇದು ಎಂದು ನಾನು ಮನಸಾರೆ ನಂಬುತ್ತೇನೆ.

ಕೋರೆಹಲ್ಲು ಸಾಲಿಗೆ ಬಂದ ಮೇಲೆ ಬ್ರೇಸಸ್ ಬಿಚ್ಚೋಣ ಎಂದು ಡಾಕ್ಟರೇ ಹೇಳಿದರು. ಎಷ್ಟು ಉಜ್ಜಿದರೂ ತಂತಿಯ ಅಡಿಯಲ್ಲಿ ನನ್ನ ಒಸಡು ಊದಿಕೊಳ್ಳುತ್ತಿತ್ತು. ಉಳಿದ ಸಣ್ಣ ತಿದ್ದುಪಡಿಗೆ ಅಲೈನರ್ ಸಾಕು, ಸ್ವಚ್ಛ ಮಾಡಲೂ ಸುಲಭ ಎಂದರು. ಮತ್ತೆ ಟ್ರೇ ಎಂದಾಗ ನನಗೆ ಎದೆ ಧಸಕ್ಕೆಂದಿತು. ಆದರೆ 2023ರ ಜುಲೈನಲ್ಲಿ ಶುರುವಾದದ್ದು ಹೆಸರಿಗೆ ಮಾತ್ರ ಹಳೆಯದಾಗಿತ್ತು. ಹಲ್ಲಿನ ಬಣ್ಣದ್ದೇ ಆದ ಚಿಕ್ಕ ಚಿಕ್ಕ ಗುಬುಟುಗಳನ್ನು ಆರು ಹಲ್ಲುಗಳಿಗೆ ಅಂಟಿಸಿದರು. ಟ್ರೇಗೆ ಹಿಡಿತ ಕೊಡುವುದು ಇವೇ. ಕೆಳಗೆ ಜಾಗ ಸಾಲದ ಎರಡು ಕಡೆ ತೆಳುವಾದ ಪಟ್ಟಿಯಿಂದ ಹಲ್ಲಿನ ಪಕ್ಕವನ್ನು 0.2 ಮಿಲಿಮೀಟರ್‌ನಷ್ಟು ಉಜ್ಜಿದರು. ಕರಕರ ಸದ್ದು ಭಯ ಹುಟ್ಟಿಸಿತೇ ಹೊರತು ನೋವಾಗಲಿಲ್ಲ. ಹತ್ತು ದಿನಕ್ಕೊಂದು ಟ್ರೇ, ಒಟ್ಟು ಹದಿನಾರು. ಆರು ವಾರಕ್ಕೊಮ್ಮೆ ಪರೀಕ್ಷೆ, ಪ್ರತಿ ಪರೀಕ್ಷೆಯಲ್ಲೂ ಹಿಂದಿನ ಹಲ್ಲುಗಳ ನಡುವೆ ಬಣ್ಣದ ಕಾಗದ ಕಚ್ಚಿಸಿ ನೋಡುತ್ತಿದ್ದರು.

ಮಾತಿನ ವಿಷಯದಲ್ಲಿ ಮೂರೂ ಒಂದೇ ಅಲ್ಲ. ಕ್ಲಿಪ್ ಹಲ್ಲಿನ ಹೊರಮೈಗೆ ಇರುವುದರಿಂದ ನಾಲಿಗೆಗೆ ಅಡ್ಡವಿಲ್ಲ. ಟ್ರೇ ಹಲ್ಲಿನ ಒಳಮೈಯನ್ನೂ ಮುಚ್ಚುತ್ತದೆ. ಕನ್ನಡ ಕಲಿಸುವವಳಿಗೆ ಇದು ಚಿಕ್ಕ ಮಾತಲ್ಲ. ಶ, ಷ, ಸ ಮೂರನ್ನೂ ಬೇರೆ ಬೇರೆಯಾಗಿ ಉಚ್ಚರಿಸಿ ಎಂದು ಮಕ್ಕಳನ್ನು ತಿದ್ದುವ ನಾನೇ ‘ಶೇಷಶಯನ’ ಎಂದರೆ ನಡುವೆ ಶಿಳ್ಳೆ ಕೇಳುತ್ತಿತ್ತು. ಪ್ರತಿ ರಾತ್ರಿ ಹತ್ತು ನಿಮಿಷ ಪಠ್ಯವನ್ನು ಗಟ್ಟಿಯಾಗಿ ಓದಿದೆ. ಒಂದು ವಾರದಲ್ಲಿ ನಾಲಿಗೆ ಹೊಂದಿಕೊಂಡಿತು. ಮಾತೇ ಕಸುಬಾದವರು ಮೊದಲ ಟ್ರೇಯನ್ನು ರಜೆಯಲ್ಲಿ ಶುರುಮಾಡುವುದು ಲೇಸು.

ಅಲೈನರಿನ ನಿಜವಾದ ಬೆಲೆ ಶಿಸ್ತು. ನೀರೊಂದನ್ನು ಬಿಟ್ಟು ಏನು ಕುಡಿದರೂ ತಿಂದರೂ ಅದನ್ನು ತೆಗೆಯಬೇಕು. ಬಿಸಿ ಕಾಫಿಗೆ ಅದು ಆಕಾರ ಕೆಡುತ್ತದೆ, ಕಲೆ ಹಿಡಿಯುತ್ತದೆ, ಸಕ್ಕರೆ ಒಳಗೆ ಸಿಕ್ಕಿಕೊಂಡು ಹಲ್ಲು ಹುಳುಕಾಗುತ್ತದೆ. ತಿಂದ ಮೇಲೆ ಉಜ್ಜಿಯೇ ಮತ್ತೆ ಹಾಕಬೇಕು. ಸ್ಟಾಫ್ ರೂಮಿನ ಹನ್ನೊಂದು ಗಂಟೆಯ ಕಾಫಿಯನ್ನು ಬಿಟ್ಟೆ, ಊಟಕ್ಕೂ ತಿಂಡಿಗೂ ಸೇರಿ ದಿನಕ್ಕೆ ಎರಡು ಗಂಟೆ ಮೀರಬಾರದಲ್ಲ.

ನವೆಂಬರ್‌ನಲ್ಲಿ ಹರಿಹರದಲ್ಲೊಂದು ಮದುವೆ. ಪಂಕ್ತಿಯಲ್ಲಿ ಕೂತು ಟ್ರೇಗಳನ್ನು ತೆಗೆದು, ಕಾಗದದ ಕರವಸ್ತ್ರದಲ್ಲಿ ಸುತ್ತಿ ಎಲೆಯ ತುದಿಯ ಅಡಿಗೆ ಸರಿಸಿದೆ. ಡಬ್ಬಿ ಬ್ಯಾಗಿನಲ್ಲಿತ್ತು, ಬ್ಯಾಗು ಮಗಳ ಕೈಯಲ್ಲಿತ್ತು. ಪಾಯಸ ಮುಗಿಸಿ, ಪಕ್ಕದವರ ಜೊತೆ ಮಾತಾಡುತ್ತ ಎದ್ದು ಕೈತೊಳೆದು ಬರುವಷ್ಟರಲ್ಲಿ ಎಲೆಗಳನ್ನು ಸುರುಳಿ ಸುತ್ತಿ ಎತ್ತಿಬಿಟ್ಟಿದ್ದರು. ಛತ್ರದ ಹಿಂದೆ ಎಂಜಲೆಲೆಯ ರಾಶಿಯ ಮುಂದೆ ನಿಂತೆ, ಹುಡುಕುವ ಧೈರ್ಯ ಬರಲಿಲ್ಲ. ಅಲ್ಲಿಂದಲೇ ಡಾಕ್ಟರಿಗೆ ಫೋನ್ ಮಾಡಿದೆ. ಹಿಂದಿನ ಟ್ರೇಯನ್ನು ಎಸೆದಿಲ್ಲ ತಾನೆ, ಅದನ್ನೇ ಇವತ್ತೇ ಹಾಕಿಕೊಳ್ಳಿ, ಸೋಮವಾರ ಬನ್ನಿ ಎಂದರು. ಹಿಂದಿನ ಜೊತೆಯನ್ನು ಯಾವತ್ತೂ ಎಸೆಯಬಾರದು ಎಂದು ಮೊದಲ ದಿನವೇ ಹೇಳಿ ಡಬ್ಬಿಗೆ ಹಾಕಿಸಿದ್ದರು. ಹಲ್ಲು ಹಿಂದೆ ಸರಿಯದೆ ಉಳಿದದ್ದು ಆ ಒಂದು ಮಾತಿನಿಂದ.

ಅದಾದ ಮುಂದಿನ ತಿಂಗಳು, 2023ರ ಡಿಸೆಂಬರ್‌ನಲ್ಲಿ, ಅಮೆರಿಕದ ಸ್ಮೈಲ್ ಡೈರೆಕ್ಟ್ ಕ್ಲಬ್ ಬಾಗಿಲು ಮುಚ್ಚಿದ ಸುದ್ದಿ ಓದಿದೆ. 2014ರಲ್ಲಿ ಶುರುವಾಗಿ ಅಂಚೆಯಲ್ಲೇ ಅಲೈನರ್ ಕಳಿಸುತ್ತಿದ್ದ ಕಂಪನಿ ಅದು. ಚಿಕಿತ್ಸೆಯ ನಡುವೆ ಇದ್ದವರಿಗೆ ನಿಮ್ಮ ಊರಿನ ದಂತವೈದ್ಯರನ್ನು ಕಾಣಿ ಎಂದಿತಂತೆ. ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು. ಎಷ್ಟು ಬಾಯಿಗಳಲ್ಲಿ ಹಲ್ಲುಗಳು ಅರ್ಧ ದಾರಿಯಲ್ಲಿ ನಿಂತಿದ್ದವೋ.

ಹಣದ ಲೆಕ್ಕವನ್ನು ಬಿಚ್ಚಿಡುತ್ತೇನೆ. ಮನೆಯ ಟ್ರೇಗೆ ಕೊಟ್ಟ 58,000 ಹೋಯಿತು. ಒಸಡಿನ ಚಿಕಿತ್ಸೆ, ಬ್ರೇಸಸ್, ಅಲೈನರ್, ಕೊನೆಗೆ ಬೇಕಾದ ಆರು ಹೆಚ್ಚುವರಿ ಟ್ರೇ ಎಲ್ಲ ಸೇರಿ 1,25,000. ಮೊದಲೇ ಬರೀ ಬ್ರೇಸಸ್ ಹಾಕಿಸಿದ್ದರೆ ಇದರ ಅರ್ಧದಲ್ಲಿ ಮುಗಿಯುತ್ತಿತ್ತು. ಕೈಯಲ್ಲಿ ಹಣ ಕಡಿಮೆ ಇರುವವರು ದಂತ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗೆ ಹೋಗಬಹುದು. ನಮ್ಮ ದಾವಣಗೆರೆಯಲ್ಲೇ ಅಂಥ ಎರಡು ಕಾಲೇಜುಗಳಿವೆ. ಪ್ರಾಧ್ಯಾಪಕರ ಕಣ್ಣೆದುರಿನಲ್ಲಿ ಸ್ನಾತಕೋತ್ತರ ವಿದ್ಯಾರ್ಥಿಗಳು ಚಿಕಿತ್ಸೆ ಮಾಡುತ್ತಾರೆ. ಕಾಯಬೇಕಾಗುತ್ತದೆ, ಆದರೆ ಬಾಯಿಯನ್ನು ಒಬ್ಬರಲ್ಲ, ಇಬ್ಬರು ನೋಡುತ್ತಾರೆ.

ನನ್ನನ್ನು ಕೇಳಿದರೆ, ಹಲ್ಲು ಬಹಳ ತಿರುಗಿದ್ದರೆ ಕ್ಲಿಪ್ಪೇ ಸರಿ. ಸ್ವಲ್ಪ ಸಂದಿ, ಸ್ವಲ್ಪ ಗುಂಪು, ಒಸಡು ಸೂಕ್ಷ್ಮ, ಜೊತೆಗೆ ಶಿಸ್ತು ಇದೆ ಎಂದರೆ ತಜ್ಞರ ಕೈಯ ಅಲೈನರ್ ಹಾಕಿಸಿಕೊಳ್ಳಿ. ಎಕ್ಸ್‌ರೇ ಕೇಳದೆ ಹಣ ಕೇಳುವವರ ಟ್ರೇಯನ್ನು, ಅದು ಎಷ್ಟೇ ಅಗ್ಗವಾಗಿರಲಿ, ಬಾಯಿಗೆ ಇಡಬೇಡಿ. ಸಕ್ಕರೆ ಕಾಯಿಲೆ ಇದ್ದವರಂತೂ ಒಸಡನ್ನು ತೋರಿಸದೆ ಹೆಜ್ಜೆ ಇಡಲೇಬಾರದು.

ಚಿಕಿತ್ಸೆ ಮುಗಿದದ್ದು 2024ರ ಫೆಬ್ರವರಿಯಲ್ಲಿ. ಈಗ ಕೆಳಗಿನ ಹಲ್ಲುಗಳ ಹಿಂದೆ ಕೂದಲೆಳೆಯಂತಹ ತಂತಿ ಅಂಟಿಸಿದ್ದಾರೆ, ಮೇಲೆ ಹಲ್ಲು ಮತ್ತೆ ಸರಿಯದಂತೆ ಹಿಡಿದಿಡಲು ರಾತ್ರಿ ಮಾತ್ರ ಹಾಕುವ ರಿಟೇನರ್ ಇದೆ. ಎರಡರಲ್ಲಿ ತಂತಿಯೇ ನನಗೆ ಇಷ್ಟ, ಸಂದಿಯಲ್ಲಿ ದಾರ ಹಾಯಿಸುವ ಕಷ್ಟವಿದ್ದರೂ. ದೀಪಾವಳಿಗೆ ತವರಿಗೆ ಹೋದಾಗ ರಿಟೇನರನ್ನು ಮನೆಯಲ್ಲೇ ಮರೆತು ಎಂಟು ರಾತ್ರಿ ಬಿಟ್ಟಿದ್ದೆ. ಬಂದು ಹಾಕಿದಾಗ ಅದು ಬಿಗಿಯಾಗಿ ಕೂತಿತು, ಕೋರೆಹಲ್ಲು ನೋಯಿತು. ಇಷ್ಟು ದಿನದಲ್ಲೇ ಅದು ತನ್ನ ಹಳೆಯ ಜಾಗದ ಕಡೆ ತಿರುಗತೊಡಗಿತ್ತು. ಮೂರು ರಾತ್ರಿ ಬಿಗಿ ಹಾಗೆಯೇ ಇತ್ತು, ನಾಲ್ಕನೆಯ ರಾತ್ರಿ ಸಡಿಲಾಯಿತು.